ಗಂಜಿ ಉಂಡವರ ಮಾತ್ರೆ

ಕುದ್ರೋಳಿ, ಮಂಗಳೂರು
18 ನವೆಂಬರ್ 2024

ಆಂಡ್ರಿಯಾ ಮೇಡಂ,

ಮಸ್ಕತ್‌ನಲ್ಲಿ ಈಗ ಸ್ವಲ್ಪ ತಂಪಾಗಿರಬಹುದು. ಇಲ್ಲಿ ನವೆಂಬರ್ ಬಂದರೂ ಸೆಖೆ ಬಿಟ್ಟಿಲ್ಲ. ಎರಡು ಸಾಲಿನ ಮೆಸೇಜಿನಲ್ಲಿ ಮುಗಿಯುವ ವಿಷಯವಲ್ಲ, ಹಾಗಾಗಿ ಇಮೇಲನ್ನೇ ಕಾಗದದ ಹಾಗೆ ಬರೆಯುತ್ತಿದ್ದೇನೆ. ನನಗೆ ಕೊಂಕಣಿ ಬರುವುದಿಲ್ಲ, ನಿಮಗೆ ತುಳು ಅಷ್ಟಕ್ಕಷ್ಟೆ. ಲ್ಯಾಬಿನಲ್ಲಿ ಮಾತಾಡುತ್ತಿದ್ದ ಹಾಗೆ ಕನ್ನಡವೇ ಇರಲಿ.

ನೀವು ಕೆಲಸ ಬಿಟ್ಟು ಹೋದ ಮೇಲೆ ಗಂಜಿಯ ಎರಡನೆಯ ಅಧ್ಯಯನದ ಲೆಕ್ಕವೆಲ್ಲ ನನ್ನ ಮೇಲೆ ಬಿತ್ತು. ಕಾಲೇಜಿನಲ್ಲಿ ಅಂಕಿಅಂಶ ನೋಡುವವಳು ನಾನೊಬ್ಬಳೇ ಅಲ್ಲವೇ. ರಾತ್ರಿ ನೀರಿನಲ್ಲಿಟ್ಟ ಕುಚ್ಚಲಕ್ಕಿ ಅನ್ನವನ್ನು ಬೆಳಿಗ್ಗೆ ಗಂಜಿಯಾಗಿ ಉಣ್ಣುವವರ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚು ಎಂದು 2021ರಲ್ಲಿ ನೀವು ಬರೆದಿರಿ. ಅದರ ಮುಂದುವರಿಕೆಯನ್ನು ನಾವು ಜರ್ನಲ್‌ಗೆ ಕಳಿಸಿದೆವು. ವಾಪಸ್ ಬಂತು.

ತಪ್ಪಿದೆ ಎಂದು ಹೇಳಿಲ್ಲ. ಪೂರ್ತಿ ಹೇಳಿಲ್ಲ ಎಂದಿದ್ದಾರೆ. ಕರುಳಿನ ಬ್ಯಾಕ್ಟೀರಿಯಾದ ಬಗ್ಗೆ ಯಾರೇ ಬರೆದರೂ ಈಗ ಉದ್ದದ ಒಂದು ಪ್ರಶ್ನೆಪಟ್ಟಿಗೆ ಉತ್ತರ ಕೊಡಬೇಕಂತೆ. ಜನರನ್ನು ಎಲ್ಲಿಂದ ಆರಿಸಿದಿರಿ, ನಡುವೆ ಯಾರು ಬಿಟ್ಟುಹೋದರು, ಯಾವ ಮದ್ದು ತೆಗೆದುಕೊಳ್ಳುತ್ತಿದ್ದರು, ಸ್ಯಾಂಪಲ್ ಫ್ರೀಜರಿಗೆ ಹೋಗುವ ಮೊದಲು ಎಷ್ಟು ಹೊತ್ತು ಹೊರಗಿತ್ತು. ಪ್ರತಿಯೊಂದಕ್ಕೂ ಪುಟದ ಸಂಖ್ಯೆ ಬೇಕು. ಎರಡನೆಯದು ಮೊದಲನೆಯದರ ಮೇಲೆ ನಿಂತಿರುವುದರಿಂದ ಮೊದಲನೆಯದಕ್ಕೂ ಉತ್ತರ ಬೇಕು.

ನಮ್ಮ ಹೆಡ್ ಡಾ. ಕಜೆಟನ್ ಅವರಿಗೆ ತೋರಿಸಿದೆ. ‘ಎಲ್ಲದಕ್ಕೂ ಹೌದು ಅಂತ ಹಾಕು ಮಾರಾಯ್ತಿ. ಅವರೆಂತ ಇಲ್ಲಿಗೆ ಬಂದು ನೋಡ್ತಾರಾ?’ ಎಂದರು. ಮಧ್ಯಾಹ್ನದವರೆಗೆ ಹೌದು, ಹೌದು ಎಂದು ಹಾಕುತ್ತಾ ಹೋದೆ. ಮದ್ದಿನ ಪ್ರಶ್ನೆಗೆ ಬಂದಾಗ ಪುಟದ ಸಂಖ್ಯೆ ಸಿಗಲಿಲ್ಲ. ನಿಮ್ಮ ಪ್ರಬಂಧದಲ್ಲಿ ಮದ್ದಿನ ಬಗ್ಗೆ ಒಂದು ವಾಕ್ಯವೂ ಇಲ್ಲ. ಆ ಪ್ರಶ್ನೆ ಕೇಳಿದ್ದಿರಾ, ಇಲ್ಲವಾ? ಇಷ್ಟು ತಿಳಿಸಿದರೆ ಸಾಕು.

ನಿರೀಕ್ಷಾ

*

ಮಸ್ಕತ್
27 ನವೆಂಬರ್ 2024

ಪ್ರಿಯ ನಿರೀಕ್ಷಾ,

ಇಲ್ಲಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಇಡೀ ದಿನ ಬೇರೆಯವರ ರಕ್ತ, ಬೇರೆಯವರ ಕಫ. ಮನೆಗೆ ಬಂದು ನಿನ್ನ ಪತ್ರ ಓದಿದಾಗ ಮೊದಲು ಬಂದದ್ದು ಸಿಟ್ಟು. ನನ್ನ ಪ್ರಬಂಧ ಬಂದು ಇಷ್ಟು ವರ್ಷವಾದ ಮೇಲೆ ನನ್ನ ಮೇಲೆ ಯಾರಿಗೋ ಸಂಶಯ ಎಂದುಕೊಂಡೆ. ಮತ್ತೊಮ್ಮೆ ಓದಿದೆ. ಸಂಶಯ ಎನ್ನುವ ಮಾತು ನೀನು ಬರೆದಿಲ್ಲ, ಆದರೂ ಇದೆ ಎಂದೇ ಅನಿಸುತ್ತದೆ.

ಕೇಳಿದ್ದೆವು. ಬಂದರ್‌ನಲ್ಲೂ ಕುದ್ರೋಳಿಯಲ್ಲೂ ಮನೆಮನೆಗೆ ಹೋಗಿ, ಯಾರು ಯಾವ ಮಾತ್ರೆ ತಿನ್ನುತ್ತಾರೆ ಎಂದು ಕೇಳಿ ಬರೆದುಕೊಂಡಿದ್ದೆವು. ಪ್ರಬಂಧ ಬರೆಯುವಾಗ ಪುಟ ಹೆಚ್ಚಾಯಿತು. ‘ಟೇಬಲ್ ಒಂದು ಕಡಿಮೆ ಮಾಡು’ ಎಂದು ಡಾ. ಕಜೆಟನ್ ಹೇಳಿದರು, ನಾನು ಮದ್ದಿನ ಟೇಬಲನ್ನು ತೆಗೆದೆ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಜರ್ನಲ್‌ನವರೂ ಕೇಳಲಿಲ್ಲ.

ಮಾಹಿತಿಯೆಲ್ಲ ನನ್ನ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಉಂಟು. ಅದು ಕೊಡಿಯಾಲ್‌ಬೈಲ್‌ನ ಫ್ಲ್ಯಾಟಿನಲ್ಲಿ, ನನ್ನ ಕಪಾಟಿನಲ್ಲಿದೆ. ತಮ್ಮ ಗ್ಲೆನ್ ಮತ್ತು ಅವನ ಹೆಂಡತಿ ಜಾನೆಟ್ ಹಗಲಿಗೆ ಕೆಲಸಕ್ಕೆ ಹೋಗಿರುತ್ತಾರೆ, ಪಪ್ಪ ಇರುತ್ತಾರೆ. ಅವರ ಹತ್ತಿರ ಕೇಳಿ ತೆಗೆದುಕೋ. ಚಾರ್ಲ್ಸ್ ಮಾಸ್ಟ್ರು ಎಂದರೆ ಆ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಗೊತ್ತು. ಇತಿಹಾಸ ಕಲಿಸಿದವರು, ಮಾತು ಸ್ವಲ್ಪ ಜಾಸ್ತಿ. ಸಮಯ ಇಟ್ಟುಕೊಂಡೇ ಹೋಗು.

ಆಂಡ್ರಿಯಾ

*

ಕುದ್ರೋಳಿ
15 ಡಿಸೆಂಬರ್ 2024

ಆಂಡ್ರಿಯಾ ಮೇಡಂ,

ಹಾರ್ಡ್‌ಡಿಸ್ಕ್ ಸಿಕ್ಕಿತು.

ನಿಮ್ಮ ತಂದೆಯವರು ಬಾಗಿಲು ತೆಗೆದವರೇ ‘ಆಂಡ್ರಿಯಾನ ಆಫೀಸಿನವರಾ? ಬನ್ನಿ, ಮೊದ್ಲು ಊಟ’ ಎಂದರು. ಗಂಜಿ, ಸಿಗಡಿ ಚಟ್ನಿ, ಮಾವಿನಮಿಡಿ ಉಪ್ಪಿನಕಾಯಿ. ಮಧ್ಯಾಹ್ನಕ್ಕೂ ಗಂಜಿಯಾ ಮಾಸ್ಟ್ರೇ ಎಂದು ಕೇಳಿದೆ. ‘ಮೂರು ಹೊತ್ತೂ ಅದೇ. ಮಗಳ ಸಂಶೋಧನೆಯನ್ನು ಮನೆಯಲ್ಲಿಯೇ ನಂಬದಿದ್ರೆ ಊರವರು ನಂಬ್ತಾರಾ?’ ಎಂದರು.

ಹಾಲ್‌ನ ಗೋಡೆಯಲ್ಲಿ, ಏಸುವಿನ ಪಟದ ಪಕ್ಕದಲ್ಲೇ, ನಿಮ್ಮ ಪ್ರಬಂಧದ ಬಗ್ಗೆ ಆವತ್ತು ಬಂದ ಪೇಪರ್ ಕಟಿಂಗ್ ಫ್ರೇಮ್ ಹಾಕಿಸಿ ಇಟ್ಟಿದ್ದಾರೆ. ‘ಗಂಜಿ ಉಂಡರೆ ಶುಗರ್ ದೂರ: ಮಂಗಳೂರು ವಿಜ್ಞಾನಿಯ ಶೋಧ.’ ನೀವು ಹಾಗೆ ಬರೆದಿರಲಿಲ್ಲ ಎಂದು ನನಗೆ ಗೊತ್ತು. ಶುಗರಿಗೆ ಗುಣ ಉಂಟೇ ಎಂದು ಮುಂದೆ ಪರೀಕ್ಷಿಸಿ ನೋಡಬಹುದು ಎಂದಷ್ಟೇ ಬರೆದಿದ್ದಿರಿ. ಚರ್ಚಿನ ಹಿರಿಯರ ಸಂಘದಲ್ಲಿ, ಬಂದರ್‌ನ ಪರಿಚಯದವರಲ್ಲಿ, ಎಲ್ಲರಿಗೂ ಅದರ ಜೆರಾಕ್ಸ್ ಹಂಚಿದ್ದಾರಂತೆ.

ಲಿಫ್ಟಿನವರೆಗೆ ಬಂದು ಕಳಿಸಿಕೊಟ್ಟರು. ನಡೆಯುವಾಗ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದರು. ಕೇಳಿದರೆ ಹೊಸ ಶೂ ಕಚ್ಚಿದ್ದು ಎಂದರು. ನಿಮ್ಮ ಬಗ್ಗೆಯೇ ಮಾತಾಡಿದರು, ಮತ್ತೇನಿಲ್ಲ.

ನಿರೀಕ್ಷಾ

*

ಮಸ್ಕತ್
22 ಡಿಸೆಂಬರ್ 2024

ಪ್ರಿಯ ನಿರೀಕ್ಷಾ,

ನಿನ್ನ ಪತ್ರ ಓದಿ ಬಹಳ ದಿನದ ಮೇಲೆ ನಕ್ಕೆ. ಪಪ್ಪ ಯಾವತ್ತೂ ಶೂ ಒಂದು ಸೈಜ್ ಸಣ್ಣದೇ ತರುವುದು, ಅಂಗಡಿಯವನು ‘ಆಮೇಲೆ ಬಿಡ್ತದೆ ಮಾಸ್ಟ್ರೇ’ ಎಂದರೆ ಮುಗಿಯಿತು. ಕ್ರಿಸ್ಮಸ್‌ಗೆ ಬರಲು ರಜೆ ಸಿಗಲಿಲ್ಲ. ಮನೆಗೆ ಹೋಗಿ ಹಬ್ಬದ ತಿಂಡಿ ಕುಸ್ವಾರ್ ತಿನ್ನು. ಜಾನೆಟ್ ಮಾಡುವ ನೆವರಿ, ಕಿಡಿಯೊ ಚೆನ್ನಾಗಿರುತ್ತದೆ.

ಮದ್ದಿನ ಟೇಬಲನ್ನು ಹಾಗೇ ಸೇರಿಸಿ ಕಳಿಸಿಬಿಡು. ಅಲ್ಲಿಗೆ ಮುಗಿಯುತ್ತದೆ. ನನಗೂ ಈ ಗಂಜಿ ಸಾಕಾಗಿದೆ.

ಆಂಡ್ರಿಯಾ

*

ಕುದ್ರೋಳಿ
19 ಜನವರಿ 2025

ಆಂಡ್ರಿಯಾ ಮೇಡಂ,

ಅಲ್ಲಿಗೆ ಮುಗಿಯಲಿಲ್ಲ.

ಟೇಬಲ್ ಸೇರಿಸುವ ಮೊದಲು ಒಮ್ಮೆ ಲೆಕ್ಕ ಹಾಕಿ ನೋಡಿದೆ. ಗಂಜಿ ಉಣ್ಣುವವರೆಂದು ನೀವು ತೆಗೆದುಕೊಂಡವರಲ್ಲಿ ಹೆಚ್ಚಿನವರು ಬಂದರ್‌ನ ಶುಗರ್ ತಪಾಸಣೆಯ ಶಿಬಿರಕ್ಕೆ ಬಂದವರು. ಅವರಲ್ಲಿ ಮುಕ್ಕಾಲು ಪಾಲು ಜನ ದಿನಾ ಶುಗರಿನ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಹೋಲಿಸಲು ತೆಗೆದುಕೊಂಡದ್ದು ನಮ್ಮ ಕಾಲೇಜಿನ ಸಿಬ್ಬಂದಿಯನ್ನು. ಬೆಳಿಗ್ಗೆ ಬ್ರೆಡ್ಡೋ ದೋಸೆಯೋ ತಿನ್ನುವವರು. ಅವರಲ್ಲಿ ಶುಗರ್ ಇದ್ದವರು ತೀರ ಕಡಿಮೆ.

ಆ ಮಾತ್ರೆ ತಾನಾಗಿಯೇ ಕರುಳಿನ ಬ್ಯಾಕ್ಟೀರಿಯಾವನ್ನು ಬದಲಿಸುತ್ತದೆ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಾತ್ರೆಯವರನ್ನು ಬದಿಗಿಟ್ಟು ಲೆಕ್ಕ ಮಾಡಿದರೆ, ಗಂಜಿ ಉಂಡವರಿಗೂ ಉಣ್ಣದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ನಾವು ಗಂಜಿಯ ಗುಣ ಎಂದದ್ದು ಬಹುಪಾಲು ಮಾತ್ರೆಯ ಗುಣ. ಬೇರೆ ಬೇರೆ ರೀತಿಯಲ್ಲಿ ಮಾಡಿ ನೋಡಿದೆ. ಉತ್ತರ ಬದಲಾಗಲಿಲ್ಲ.

2021ರ ಪ್ರಬಂಧಕ್ಕೆ ಒಂದು ತಿದ್ದುಪಡಿ ಬರೆದು ಜರ್ನಲ್‌ಗೆ ಕಳಿಸಬೇಕು. ಮೊದಲ ಹೆಸರು ನಿಮ್ಮದು, ನಿಮ್ಮ ಸಹಿ ಇಲ್ಲದೆ ಆಗುವುದಿಲ್ಲ. ಕರಡು ಇದರೊಂದಿಗೆ ಇದೆ. ದಯವಿಟ್ಟು ಬೇಗ ನೋಡಿ. ಯಾಕೆ ಬೇಗ ಎಂದು ಕೇಳಿದರೆ ನನಗೆ ಹೇಳಲು ಕಷ್ಟ.

ನಿರೀಕ್ಷಾ

*

ಮಸ್ಕತ್
6 ಫೆಬ್ರವರಿ 2025

ನಿರೀಕ್ಷಾ ಅವರಿಗೆ,

ಕರಡು ಓದಿದೆ. ಚೆನ್ನಾಗಿ ಬರೆದಿದ್ದೀರಿ. ಇಷ್ಟು ಚೆನ್ನಾಗಿ ಬರೆಯಲು ಒಬ್ಬರಿಗೆ ಅವಸರವೂ ಇರಬೇಕು, ಆಸೆಯೂ ಇರಬೇಕು. ಬೇಗ ಯಾಕೆ ಎಂದು ನೀವು ಹೇಳದಿದ್ದರೂ ನನಗೆ ಅಂದಾಜಾಗುತ್ತದೆ. ಹಿರಿಯರ ತಪ್ಪು ತಿದ್ದಿದವಳು ಎನ್ನುವ ಹೆಸರು ಈಗಿನ ಕಾಲದಲ್ಲಿ ಉಪಯೋಗಕ್ಕೆ ಬರುತ್ತದೆ.

ಜೂನ್ ತನಕ ಇದನ್ನು ನಿಲ್ಲಿಸಿ. ಅಷ್ಟು ಮಾತ್ರ ಕೇಳುತ್ತಿದ್ದೇನೆ. ಆಮೇಲೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ.

ಆಂಡ್ರಿಯಾ

*

ಕುದ್ರೋಳಿ
7 ಫೆಬ್ರವರಿ 2025

ಮೇಡಂ,

ನಿಲ್ಲಿಸಿದ್ದೇನೆ. ನನ್ನನ್ನು ‘ನೀವು’ ಎಂದು ಬರೆದದ್ದಕ್ಕೂ ಉಳಿದದ್ದಕ್ಕೂ ಉತ್ತರ ಬರೆಯಲು ಇವತ್ತು ಶಕ್ತಿಯಿಲ್ಲ. ನಮ್ಮ ಅಪ್ಪನಿಗೆ ಹುಷಾರಿಲ್ಲದೆ ಅಣ್ಣ ಶೈಲೇಶ್ ಬಹರೈನ್‌ನಿಂದ ಬಂದಿದ್ದಾನೆ. ಮನೆ, ಆಸ್ಪತ್ರೆ, ಕಾಲೇಜು ಎಂದು ಓಡಾಟ. ಜೂನ್ ಎಂದರೆ ಜೂನ್.

ನಿರೀಕ್ಷಾ

*

ಕುದ್ರೋಳಿ
24 ಏಪ್ರಿಲ್ 2025

ಆಂಡ್ರಿಯಾ ಮೇಡಂ,

ಪಪ್ಪನ ಕಾಲಿಗೆ ಸಣ್ಣ ಗಾಯ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಗ್ಲೆನ್ ನಿಮಗೆ ಹೇಳಿರಬೇಕು. ಸಣ್ಣ ಗಾಯವಲ್ಲ. ನಿನ್ನೆ ಎಡಗಾಲಿನ ಎರಡು ಬೆರಳು ತೆಗೆದರು. ಜ್ವರ ಇಳಿದಿದೆ, ಮಾತಾಡುತ್ತಾರೆ. ಉಳಿದ ಪಾದ ಉಳಿಯುತ್ತದೆ ಎಂದು ಡಾಕ್ಟರು ಹೇಳುತ್ತಿದ್ದಾರೆ. ಬೆರಳು ತೆಗೆದದ್ದನ್ನು ನಿಮಗೆ ತಿಳಿಸುವುದು ಬೇಡ ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದಾರೆ. ನಾನು ಆ ಮನೆಯವಳಲ್ಲ.

ಡಿಸೆಂಬರ್‌ನಲ್ಲಿ ಹಾರ್ಡ್‌ಡಿಸ್ಕ್ ತರಲು ಹೋದಾಗಲೇ ಮಾಸ್ಟ್ರು ಶುಗರಿನ ಮಾತ್ರೆ ಬಿಟ್ಟಿದ್ದಾರೆ ಎಂದು ನನಗೆ ಗೊತ್ತಾಗಿತ್ತು. ಅವರೇ ಹೇಳಿದರು. ‘ಗ್ಲೆನ್ ತಂದು ಕೊಡ್ತಾನೆ, ನಾನು ಬಾತ್‌ರೂಮಿಗೆ ಹಾಕ್ತೇನೆ. ಗಂಜಿ ಸಾಕು ನಂಗೆ. ಅವಳಿಗೆ ಹೇಳ್ಬೇಡಿ, ಕ್ರಿಸ್ಮಸ್‌ಗೆ ಬಂದಾಗ ನಾನೇ ಹೇಳಿ ಖುಷಿಪಡಿಸ್ತೇನೆ’ ಎಂದರು. ಆಗ ನಾನಿನ್ನೂ ಲೆಕ್ಕ ಮಾಡಿರಲಿಲ್ಲ. ಡಾಕ್ಟರ ಹತ್ತಿರ ಒಮ್ಮೆ ಕೇಳಿ ಮಾಸ್ಟ್ರೇ ಎಂದು ಹೇಳಿ ಬಂದೆ.

ಲೆಕ್ಕ ಮಾಡಿದ ಮೇಲೆ ಮತ್ತೆ ಹೋದೆ. ಮಾತ್ರೆ ತೆಗೆದುಕೊಳ್ಳಲೇಬೇಕು, ಆ ಪೇಪರಿನಲ್ಲಿ ಬಂದದ್ದು ಸರಿಯಲ್ಲ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ಶಾಲೆಯಲ್ಲಿ ಮಕ್ಕಳ ಹತ್ತಿರ ಮಾತಾಡುವ ಹಾಗೆ ಕೇಳಿದರು.

‘ಇದು ಪ್ರಿಂಟ್ ಆಗಿದೆ ಅಲ್ವಾ?’

‘ಆಗಿದೆ.’

‘ತಪ್ಪು ಅಂತ ಎಲ್ಲಿಯಾದ್ರೂ ಪ್ರಿಂಟ್ ಆಗಿದ್ಯಾ?’

‘ಇಲ್ಲ ಮಾಸ್ಟ್ರೇ, ಇನ್ನು ಆಗ್ಬೇಕಷ್ಟೆ.’

‘ಆಗ್ಲಿ. ಆವಾಗ ನೋಡುವಾ.’

ಅವರಿಗೆ ತೋರಿಸಲು ನನ್ನ ಹತ್ತಿರ ಒಂದು ಹಾಳೆಯೂ ಇರಲಿಲ್ಲ. ಮಾತ್ರೆ ನುಂಗುವುದನ್ನು ಸ್ವಲ್ಪ ನೋಡಿಕೊಳ್ಳಿ ಎಂದು ಗ್ಲೆನ್‌ಗೆ ಫೋನ್ ಮಾಡಿದೆ. ‘ಮಾತ್ರೆ ತರ್ತಾನೇ ಇದ್ದೇನಲ್ಲ, ಖಾಲಿಯೂ ಆಗ್ತಾ ಉಂಟು’ ಎಂದ. ಬೇಗ ಸಹಿ ಹಾಕಿ ಎಂದು ನಿಮಗೆ ಬರೆದದ್ದು ಇದಕ್ಕೆ. ಬಿಡಿಸಿ ಬರೆಯಬೇಕಿತ್ತು. ಅವರು ಹೇಳಬೇಡಿ ಎಂದಿದ್ದರು, ನೀವು ನಿಲ್ಲಿಸಿ ಎಂದಿರಿ, ನಾನು ಇಬ್ಬರ ಮಾತನ್ನೂ ಕೇಳಿದೆ.

ರಜೆ ಸಿಗುವುದಾದರೆ ಬನ್ನಿ.

ನಿರೀಕ್ಷಾ

*

ಮಸ್ಕತ್
12 ಜೂನ್ 2025

ನಿರೀಕ್ಷಾ,

ನಾನು ಮೇ ತಿಂಗಳಲ್ಲಿ ಊರಿಗೆ ಬಂದದ್ದು ನಿನಗೆ ಗೊತ್ತಿರುತ್ತದೆ. ಕಾಲೇಜಿಗೂ ಬಂದೆ. ನಿನ್ನ ಕೋಣೆಯ ಬಾಗಿಲು ತೆರೆದಿತ್ತು, ನೀನು ಕಂಪ್ಯೂಟರಿಗೆ ಮುಖ ಮಾಡಿ ಕೂತಿದ್ದೆ. ಒಳಗೆ ಬರಲಾಗಲಿಲ್ಲ. ಏನು ಮಾತಾಡಬೇಕೆಂದು ಗೊತ್ತಾಗದೆ ಮುಂದೆ ಹೋದೆ.

ಜೂನ್ ತನಕ ಎಂದು ಯಾಕೆ ಕೇಳಿದೆ ಅಂದರೆ, ಕಾಲೇಜಿನ ನಮ್ಮ ವಿಭಾಗದಲ್ಲೇ ಒಂದು ಹುದ್ದೆಗೆ ಅರ್ಜಿ ಹಾಕಿದ್ದೆ. ಮೇ ಕೊನೆಗೆ ಇಂಟರ್‌ವ್ಯೂ ಇತ್ತು. ನನ್ನ ಅರ್ಜಿಯಲ್ಲಿ ದೊಡ್ಡದಾಗಿ ಕಾಣುವುದು ಆ ಒಂದು ಪ್ರಬಂಧ. ಪಪ್ಪನ ಹತ್ತಿರ ಇರಬೇಕು ಎಂದೇ ಅರ್ಜಿ ಹಾಕಿದ್ದು. ಇಲ್ಲಿ ಕೆಲಸಕ್ಕೆ ತೊಂದರೆಯಿಲ್ಲ, ಆದರೆ ಸಂಜೆ ರೂಮಿಗೆ ಬಂದರೆ ಲೈಟ್ ಹಾಕಲೂ ಉದಾಸೀನ. ನೀನು ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದೀಯ ಎಂದುಕೊಂಡೆ. ನಿನಗೆ ಅದರ ಸುದ್ದಿಯೇ ಇರಲಿಲ್ಲ ಎಂದು ಡಾ. ಕಜೆಟನ್ ಹೇಳಿದ ಮೇಲೆ ಗೊತ್ತಾಯಿತು.

ಅವರ ಕೋಣೆಯಲ್ಲಿ ಕೂತು ತಿದ್ದುಪಡಿಗೆ ಸಹಿ ಹಾಕುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ‘ಬರುವ ಮಾರ್ಚಿಗೆ ನಾನು ರಿಟೈರ್. ಅಷ್ಟರ ತನಕ ತಡೀಲಿಕ್ಕೆ ಆಗುದಿಲ್ವಾ ನಿಂಗೆ? ನಿನ್ನ ಇಂಟರ್‌ವ್ಯೂಗೆ ಹೊರಗಿಂದ ಬರುವವರು ಇದನ್ನೇ ಕೇಳ್ತಾರೆ’ ಎಂದರು. ಕೆಟ್ಟವರ ಹಾಗೆ ಹೇಳಲಿಲ್ಲ. ಸುಸ್ತಾದವರ ಹಾಗೆ ಹೇಳಿದರು. ನಾನು ಪಪ್ಪನ ಕಾಲಿನ ವಿಷಯ ಹೇಳಿದೆ. ಅವರು ಫೈಲ್ ಎಳೆದುಕೊಂಡು ತಾವೇ ಮೊದಲು ಸಹಿ ಹಾಕಿದರು.

ಹೊರಗಿನವರು ಅದನ್ನೇ ಕೇಳಿದರು. ಹುದ್ದೆ ಬೇರೆಯವರಿಗೆ ಹೋಯಿತು.

ಪಪ್ಪನ ಹತ್ತಿರ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಬ್ಯಾಂಡೇಜ್ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಕೊಂಕಣಿಯಲ್ಲಿ ಆಡಿದ ಮಾತನ್ನು ನಿನಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಹಾಗಾದ್ರೆ ನೀನು ಬರೆದದ್ದು ಸುಳ್ಳಾ?’

‘ಸುಳ್ಳಲ್ಲ ಪಪ್ಪಾ. ಪೂರ್ತಿ ಬರೀಲಿಲ್ಲ.’

‘ಉತ್ತರ ಪತ್ರಿಕೆಯಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ಎಷ್ಟು ಮಾರ್ಕು ಕೊಡುದು ಅಂತ ನಂಗೆ ಯಾವಾಗ್ಲೂ ಗೊತ್ತಾಗ್ತಿರ್ಲಿಲ್ಲ’ ಎಂದು ಹೇಳಿ ಕಿಟಕಿಯ ಹೊರಗೆ ನೋಡಿದರು. ಆಮೇಲೆ, ‘ನಾನು ಅದರ ಜೆರಾಕ್ಸ್ ಎಷ್ಟು ಜನಕ್ಕೆ ಕೊಟ್ಟಿದ್ದೇನೆ ಗೊತ್ತುಂಟಾ?’ ಎಂದು ಕೇಳಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಅಳಬಹುದಿತ್ತು.

ಸಹಿ ಹಾಕಿದ ಪ್ರತಿ ಕಳಿಸಿದ್ದೇನೆ. ಮದ್ದಿನ ಟೇಬಲಿನ ಜೊತೆಗೆ ಇನ್ನೂ ಎರಡು ಸಂಗತಿ ಸೇರಿಸು. ಬಂದರ್‌ನ ಸ್ಯಾಂಪಲ್‌ಗಳು ಆಟೋರಿಕ್ಷಾದಲ್ಲಿ ಬರುವಾಗ ಐಸ್ ಕರಗಿದ ದಿನಗಳಿದ್ದವು. ನಡುವೆ ಬಿಟ್ಟುಹೋದವರನ್ನು ಯಾಕೆ ಬಿಟ್ಟಿರಿ ಎಂದು ನಾವು ಕೇಳಲೇ ಇಲ್ಲ. ಜರ್ನಲ್‌ನವರು ಆ ಪ್ರಶ್ನೆಯನ್ನೂ ಇಟ್ಟಿದ್ದಾರೆ, ಉತ್ತರವನ್ನೂ ಇಡೋಣ.

ಫೆಬ್ರವರಿಯ ಪತ್ರಕ್ಕೆ ಕ್ಷಮಿಸು. ಮೇಡಂ ಎನ್ನುವುದನ್ನು ಬಿಡು.

ಆಂಡ್ರಿಯಾ

*

ಕುದ್ರೋಳಿ
16 ನವೆಂಬರ್ 2025

ಆಂಡ್ರಿಯಕ್ಕಾ,

ತಿದ್ದುಪಡಿ ಬಂತು. ಜರ್ನಲ್‌ನವರು ನಾಲ್ಕು ಸಲ ಹಿಂದೆ ಕಳಿಸಿ, ಕೊನೆಗೆ ನಿಮ್ಮ ಪ್ರಬಂಧದ ಕೆಳಗೆ ಹಾಕಿದ್ದಾರೆ. ಯಾರೂ ಓದಿದ ಹಾಗೆ ಕಾಣುವುದಿಲ್ಲ. ಆವತ್ತು ದೊಡ್ಡದಾಗಿ ಹಾಕಿದ ಪೇಪರಿನ ಆಫೀಸಿಗೂ ಹೋದೆ. ಅಲ್ಲಿದ್ದ ಅಪೇಕ್ಷಾ ಎನ್ನುವ ಹುಡುಗಿ ಸಮಾಧಾನದಿಂದ ಕೇಳಿದಳು. ‘ಇದರಲ್ಲಿ ಹೊಸತು ಎಂತ ಉಂಟು ಮೇಡಂ?’ ಎಂದಳು. ಮರುವಾರ ಒಳಪುಟದಲ್ಲಿ, ನೀರು ಬಾರದ ವಾರ್ಡುಗಳ ಪ್ರಕಟಣೆಯ ಪಕ್ಕ, ಸಣ್ಣದಾಗಿ ಬಂತು.

ಆಮೇಲೆ ನನಗೆ ಬೇಜಾರು ಬಂದು ಬಿಟ್ಟುಬಿಡೋಣ ಎಂದಿದ್ದೆ. ಮಾಸ್ಟ್ರು ಬಿಡಲಿಲ್ಲ. ಆ ಸಣ್ಣ ಸುದ್ದಿಯನ್ನು ಓದಿ ಫೋನ್ ಮಾಡಿದರು. ‘ಸ್ಯಾಂಪಲ್ ಕೊಟ್ಟವರಿಗೆ ಹೇಳಿದ್ರಾ?’ ಎಂದು ಕೇಳಿದರು. ಇಲ್ಲ ಎಂದೆ. ಪ್ರಶ್ನೆಪಟ್ಟಿಯಲ್ಲಿ ಇದ್ದದ್ದಕ್ಕೆಲ್ಲ ಉತ್ತರ ಬರೆದಿದ್ದೆವು. ಸ್ಯಾಂಪಲ್ ಕೊಟ್ಟವರ ಹತ್ತಿರ ಹೋಗಿ ಹೇಳುವುದು ನನಗೆ ಹೊಳೆದೇ ಇರಲಿಲ್ಲ.

ನಿನ್ನೆ ಸಂಜೆ ಬಂದರ್‌ನಲ್ಲಿ, ಮೀನು ಮಾರ್ಕೆಟ್ಟಿನ ಹಿಂದಿನ ಸಂಘದ ಕೋಣೆಯಲ್ಲಿ ಸೇರಿದೆವು. ಬರಲು ಸಾಧ್ಯವಿದ್ದವರು ಬಂದರು. ಕೆಲವರು ತೀರಿಹೋಗಿದ್ದಾರೆ. ಮಾಸ್ಟ್ರು ಗ್ಲೆನ್‌ನ ಕಾರಿನಲ್ಲಿ ಬಂದು ಕೋಲು ಹಿಡಿದು ಒಳಗೆ ಬಂದರು.

ನಾನು ಮಾತಾಡಿದೆ. ತುಳುವಿನಲ್ಲಿ ಬ್ಯಾಕ್ಟೀರಿಯಾಕ್ಕೆ ಏನೆನ್ನಬೇಕೋ ತಿಳಿಯದೆ ತಡವರಿಸಿದೆ. ಲೆಕ್ಕ, ಗುಂಪು, ಹೋಲಿಕೆ ಎಂದೆಲ್ಲ ಹೇಳುವಷ್ಟರಲ್ಲಿ ಮುಂದೆ ಕೂತಿದ್ದ ಬೂಬಣ್ಣ ಕೈ ತೋರಿಸಿದರು. ಮೊದಲು ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದವರು, ಈಗ ಕಣ್ಣು ಸ್ವಲ್ಪ ಮಂದ.

‘ಅಲ್ಲ ಮಗಾ, ಈಗ ಗಂಜಿ ಉಣ್ಣುದಾ ಬೇಡ್ವಾ?’

‘ಉಣ್ಣಿ ಬೂಬಣ್ಣ. ಎಷ್ಟು ಉಣ್ಬಹುದು ಅಂತ ಡಾಕ್ಟ್ರನ್ನು ಕೇಳಿ. ಮಾತ್ರೆ ಮಾತ್ರ ಬಿಡ್ಬೇಡಿ.’

‘ಇಷ್ಟು ಹೇಳ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ?’

ಯಾರೋ ನಕ್ಕರು. ಆಗ ಮಾಸ್ಟ್ರು ಎದ್ದರು. ಕುರ್ಚಿಯನ್ನು ಮುಂದಕ್ಕೆ ಎಳೆದು ಎಲ್ಲರಿಗೂ ಕಾಣುವ ಹಾಗೆ ಕೂತು, ಎಡಗಾಲಿನ ಚಪ್ಪಲಿ ತೆಗೆದು, ಸಾಕ್ಸ್ ಎಳೆದರು. ಗ್ಲೆನ್ ತಡೆಯಲು ಹೋದ, ಅವರು ಅವನ ಕೈ ಸರಿಸಿದರು.

‘ಜೆರಾಕ್ಸ್ ಕೊಟ್ಟವ ನಾನು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಬರೆದದ್ದು ನನ್ನ ಮಗಳು. ಬರೆಯದೆ ಬಿಟ್ಟದ್ದು ಇದು’ ಎಂದು ಹೇಳಿ ಕಾಲನ್ನು ಮುಂದಕ್ಕೆ ಚಾಚಿದರು. ‘ನಾನು ಮಾತ್ರೆ ಬಿಟ್ಟಿದ್ದೆ. ಇಲ್ಲಿ ಇನ್ನು ಯಾರು ಬಿಟ್ಟಿದ್ದೀರಿ, ಹೇಳಿ. ನಾಚಿಕೆ ಬೇಡ.’

ಹೊರಗೆ ಐಸಿನ ಲಾರಿ ಹಿಂದೆ ಸರಿಯುವ ಸದ್ದು. ಮಾಸ್ಟ್ರು ಕಾಲನ್ನು ಹಾಗೇ ಚಾಚಿಕೊಂಡು ಕಾದರು. ತರಗತಿಯಲ್ಲಿ ಉತ್ತರಕ್ಕೆ ಕಾಯುವವರಿಗೆ ಇರುವ ತಾಳ್ಮೆ.

ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೈ ಎತ್ತಿದರು. ಅವರನ್ನು ನೋಡಿ ಗೋಡೆಗೆ ಒರಗಿದ್ದ ಇನ್ನೊಬ್ಬರು. ಕೊನೆಗೆ, ನನ್ನ ಮುಖವನ್ನು ನೋಡದೆ, ಬೂಬಣ್ಣ.

ನಾಳೆ ಬೆಳಿಗ್ಗೆ ಮೂವರನ್ನೂ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತೇನೆ. ಮಾಸ್ಟ್ರೂ ಬರುತ್ತೇನೆ ಎಂದಿದ್ದಾರೆ. ಎರಡನೆಯ ಪ್ರಬಂಧದಲ್ಲಿ ಇವರ ಬಗ್ಗೆ ಯಾವ ಜಾಗದಲ್ಲಿ ಬರೆಯಬೇಕೆಂದು ನನಗೆ ತಿಳಿಯುತ್ತಿಲ್ಲ. ಆದರೆ ಬರೆಯಬೇಕು. ಆ ಭಾಗವನ್ನು ನೀವು ಬರೆಯಿರಿ ಅಕ್ಕಾ. ಎಷ್ಟು ಪುಟ ಬೇಕಾದರೂ ಆಗಲಿ.

ನಿಮ್ಮ
ನಿರೀಕ್ಷಾ